ಮೂರು ಲೋಟ ನೀರು

ಹನುಮನಹಳ್ಳಿಯ ಗೈಡ್ ಕನಕಪ್ಪ ಎಂದರೆ ಕಲ್ಲನ್ನೂ ಮಾತಾಡಿಸುವ ಮನುಷ್ಯ. ಇಪ್ಪತ್ತೆರಡು ವರ್ಷದಿಂದ ಬೆಟ್ಟ, ಕೋಟೆ ಬಾಗಿಲು, ಹಾಳು ಮಂಟಪ ತೋರಿಸುತ್ತ ಬಂದವನು. ಹೇಳುವ ಇತಿಹಾಸದಲ್ಲಿ ಅರ್ಧ ಕೇಳಿದ್ದು, ಕಾಲು ಓದಿದ್ದು, ಉಳಿದ ಕಾಲು ಎಲ್ಲಿಂದ ಬಂತೆಂದು ಅವನಿಗೂ ಗೊತ್ತಿಲ್ಲ. ಸುಳ್ಳನ್ನೂ ನಿಜದ ತಲೆ ಮೇಲೆ ಹೊಡೆದಂತೆ ಹೇಳುತ್ತಿದ್ದ.

ಹೋದ ಚಳಿಗಾಲದಲ್ಲಿ ಜರ್ಮನಿಯ ಮುದುಕಿಯೊಬ್ಬಳು ಫೋನಿನಲ್ಲಿ ತನ್ನ ಸಣ್ಣ ಊರನ್ನು ಅವನಿಗೆ ತೋರಿಸಿದಳು. ಊರ ನಡುವೆ ಬಿಸಿನೀರಿನ ಬುಗ್ಗೆ. ಯಾವನೋ ಅರಸನ ಮಂಡಿನೋವು ಅಲ್ಲಿ ವಾಸಿಯಾಯಿತಂತೆ. ಅವನು ಕಟ್ಟಿಸಿದ ಸ್ನಾನದ ಮನೆ, ಕಂಬಗಳ ಉದ್ದನೆಯ ಮೊಗಸಾಲೆ, ವಾಲಿದ ಗೋಪುರದ ಚರ್ಚು. ಇವತ್ತಿಗೂ ಜನ ಗ್ಲಾಸು ಹಿಡಿದು, ಗುಟುಕು ಗುಟುಕಾಗಿ ಕುಡಿಯುತ್ತ ಆ ಮೊಗಸಾಲೆಯಲ್ಲಿ ಅಡ್ಡಾಡುತ್ತಾರೆ. ಬುಗ್ಗೆಯ ಪಕ್ಕದ ಫಲಕದಲ್ಲಿ ನೀರನ್ನು ಪರೀಕ್ಷೆ ಮಾಡಿದ ತಾರೀಖು. ಕನಕಪ್ಪ ಆ ಫಲಕವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ತಲೆಗೆ ಹಾಕಿಕೊಂಡ.

ನಮ್ಮೂರಿಗೇನು ಕಡಿಮೆ? ಬಂಡೆಗಳ ಹಿಂದೆ ಪಾಳುಬಿದ್ದ ಮೆಟ್ಟಿಲುಬಾವಿ ಇತ್ತಲ್ಲ. ವಾರ ಕಳೆಯುವಷ್ಟರಲ್ಲಿ ಅದಕ್ಕೊಬ್ಬ ರಾಣಿ ಬಂದಳು, ರಾಣಿಗೆ ಮಂಡಿನೋವು ಬಂತು, ದಿನಕ್ಕೆ ಮೂರು ಲೋಟದಂತೆ ಒಂಬತ್ತು ದಿನ ನೀರು ಕುಡಿದು ಅವಳು ಬೆಟ್ಟ ಹತ್ತಿದಳು. ಕಥೆ ಕೇಳಿದ ಜನ ಬಾಟಲಿ ತುಂಬಿಕೊಳ್ಳತೊಡಗಿದರು. ಮೇಲಿನ ಭತ್ತದ ಗದ್ದೆಗೆ ಔಷಧ ಹೊಡೆದಾಗಲೆಲ್ಲ ಆ ನೀರು ಬಸಿದು ಬಾವಿಗಿಳಿಯುತ್ತದೆ, ಕಪ್ಪೆಗಳು ಸತ್ತು ತೇಲುತ್ತವೆ ಎಂಬುದು ಕನಕಪ್ಪನಿಗೆ ಗೊತ್ತಿತ್ತು. ಒಂದೆರಡು ಗುಟುಕಿಗೆ ಯಾರು ಸಾಯುತ್ತಾರೆ ಎಂದುಕೊಂಡ. ತಾನು ಮಾತ್ರ ಹನಿ ನೀರನ್ನೂ ಬಾಯಿಗೆ ಹಾಕಲಿಲ್ಲ.

ಕುಷ್ಟಗಿಯಿಂದ ಅಕ್ಕ ವಿರೂಪಾಕ್ಷಮ್ಮ ಬಂದು ಅವನ ಮನೆಯಲ್ಲಿದ್ದಳು. ಬೆಳಿಗ್ಗೆ ಗುಡಿಗೆ ಹೋಗುತ್ತಾಳೆಂದೇ ಅವನು ತಿಳಿದಿದ್ದ. ಮೂರನೆಯ ದಿನ ನೋಡಿದರೆ ಬಾವಿಯ ಮೆಟ್ಟಿಲ ಮೇಲೆ ಸ್ಟೀಲ್ ಲೋಟ ಹಿಡಿದು ನಿಂತಿದ್ದಾಳೆ.

"ಅಕ್ಕಾ, ಏನ್ ಮಾಡಾಕತ್ತಿ?"

"ನಿನ್ನ ರಾಣಿ ಮಾಡಿದ್ದನ್ನ. ಇವತ್ತಿಂದು ಎರಡು ಲೋಟ ಆತು" ಎಂದು ನಕ್ಕಳು. "ನಿನ್ನಿ ನಿನ್ನ ಮಗಳು ಹೇಮಾಗೂ ಒಂದು ಕ್ಯಾನ್ ಕಳಿಸೀನೋ. ಏಳು ತಿಂಗಳ ಬಸರಿ, ಪಾಪ, ಕಾಲು ಬಾತಾವಂತ."

ಕನಕಪ್ಪ ಅಲ್ಲೇ ಜೇಬಿಗೆ ಕೈಹಾಕಿದ. ಹೇಮಾಗೆ ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಎತ್ತಲಿಲ್ಲ. ಬೈಕ್ ಹತ್ತಿ ಮಗಳ ಮನೆಗೆ ಹೊರಟ. ಗಂಗಾವತಿ ದಾಟಿ ಶ್ರೀರಾಮನಗರ ಮುಟ್ಟುವವರೆಗೆ ಕಾಲುವೆಯ ಎರಡೂ ಬದಿ ಗದ್ದೆ, ಗದ್ದೆಯ ತುಂಬ ಔಷಧದ ಕಮಟು. ಹೊಟ್ಟೆಯಲ್ಲಿರುವ ಕೂಸಿನ ಮುಖವನ್ನು ನೆನೆಯಬಾರದು ಎಂದುಕೊಂಡಷ್ಟೂ ಸತ್ತ ಕಪ್ಪೆಗಳ ಬಿಳಿ ಹೊಟ್ಟೆ ಕಣ್ಣಿಗೆ ಕಟ್ಟುತ್ತಿತ್ತು.

ಹೇಮಾ ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದಳು.

"ಆ ಕ್ಯಾನಿನ ನೀರು ಕುಡದೇನವಾ?"

"ಅದನ್ನ ನಿನ್ನಿನ ಚೆಲ್ಲೀನಿ. ನಿನ್ನ ರಾಣಿ ಕಥಿ ನಂಬಾಕ ನಾ ಏನು ಟೂರಿಸ್ಟಾ, ಅಪ್ಪಾ?"

ಹೋದ ಜೀವ ಬಂದಂತಾಯಿತು. ಕಟ್ಟೆಯ ಮೇಲೆ ಕುಸಿದು ಕೂತು ಅತ್ತ. ಸ್ವಂತ ಮಗಳು ತನ್ನ ಮಾತು ನಂಬುವುದಿಲ್ಲ ಎಂಬುದಕ್ಕೆ ಇಷ್ಟು ಸಂತೋಷಪಟ್ಟ ಅಪ್ಪ ಇನ್ನೊಬ್ಬನಿರಲಿಕ್ಕಿಲ್ಲ. ಹೇಮಾ ಚೊಂಬು ತಂದುಕೊಟ್ಟಳು.

"ಸೋದರತ್ತಿ ಕುಡಿಯಾಕತ್ತಾರೇನು? ಅವರಿಗೆ ಬಿಡಿಸೇ ಬಂದಿ, ಹೌದಿಲ್ಲೊ?"

ಚೊಂಬು ಅವನ ತುಟಿಯ ಹತ್ತಿರವೇ ನಿಂತಿತು. ಅವನು ಬೈಕ್ ಹತ್ತುವಾಗ ಅಕ್ಕ ಮೂರನೆಯ ಲೋಟಕ್ಕೆ ಬಗ್ಗಿದ್ದಳು. ಅವಳಿಗೆ ಒಂದು ಮಾತೂ ಹೇಳದೆ ಬಂದಿದ್ದ.