ನಮ್ಮ ಮನೆಯಲ್ಲಿದ್ದ ಒಂದೇ ವೋಟು

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಅಭ್ಯರ್ಥಿ ಗೆಲ್ಲಲಿಲ್ಲ. ಅಮೆರಿಕದ ಅಧ್ಯಕ್ಷರ ಚುನಾವಣೆಗೆ ಪಕ್ಷದಿಂದ ಯಾರು ನಿಲ್ಲಬೇಕೆಂದು ಜನರೇ ವೋಟು ಹಾಕಿ ಆರಿಸುವ ಪ್ರೈಮರಿ ಅದು. ಆ ಚಳಿಗಾಲವಿಡೀ ನಾನೂ ನನ್ನ ದೊಡ್ಡ ಮಗಳೂ ಟೆಕ್ಸಸ್‌ನಲ್ಲಿ ಆಸ್ಟಿನ್ ಸುತ್ತಲಿನ ಲಿಯಾಂಡರ್, ಜಾರ್ಜ್‌ಟೌನ್ ಅಂತ ಸುತ್ತಿ ಮನೆಮನೆ ಬಾಗಿಲು ತಟ್ಟಿದೆವು. ನಮ್ಮಿಬ್ಬರಿಗೂ ವೋಟಿಲ್ಲ. ವೋಟಿಲ್ಲದವರು ವೋಟು ಕೇಳಿಕೊಂಡು ತಿರುಗಿದರಂತೆ ಎಂದು ಯಾರಾದರೂ ನಕ್ಕರೆ ನನಗೆ ಈಗಲೂ ಮೈ ಉರಿಯುತ್ತದೆ.

ಆ ಬೇಸಿಗೆಗೆ ದೊಡ್ಡವಳಿಗೆ ಇಪ್ಪತ್ತೊಂದು ತುಂಬುವುದಿತ್ತು. ಮೈಸೂರಿನಲ್ಲಿ ಹುಟ್ಟಿದವಳು, ಕಂಕುಳಲ್ಲಿ ಎತ್ತಿಕೊಂಡು ಬಂದಿದ್ದೆ. ನಾವೆಲ್ಲ ನನ್ನ ಗಂಡನ ಕೆಲಸದ ವೀಸಾಕ್ಕೆ ಜೋತುಬಿದ್ದವರು. ಅವಳ ಹಾಲುಹಲ್ಲು ಬೀಳುವ ಮೊದಲೇ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ ಕ್ಯೂನಲ್ಲಿ ನಿಂತೆವು, ಇನ್ನೂ ನಿಂತೇ ಇದ್ದೇವೆ. ಮಕ್ಕಳಿಗೆ ಇಪ್ಪತ್ತೊಂದಾದರೆ ಅಪ್ಪನ ವೀಸಾದಿಂದಲೂ ಹೊರಗೆ, ಕ್ಯೂನಿಂದಲೂ ಹೊರಗೆ. ಆಮೇಲೆ ತಾವು ಬೆಳೆದ ಊರಿನಲ್ಲೇ ವಿದೇಶಿ ವಿದ್ಯಾರ್ಥಿ ಅಂತ ಹೊಸದಾಗಿ ವೀಸಾ ಕೇಳಬೇಕು. ಕೊಟ್ಟರೆ ಇರಬೇಕು, ಕೊಡದಿದ್ದರೆ ಹೊರಡಬೇಕು. ಚಿಕ್ಕವಳಿಗೆ ಈ ಕಾಟವಿಲ್ಲ. ಅವಳು ಆಸ್ಟಿನ್‌ನಲ್ಲಿ ಹುಟ್ಟಿದಳು, ಹುಟ್ಟುತ್ತಲೇ ಈ ದೇಶದವಳಾದಳು. ಅವಳಿಗೆ ಆಗಷ್ಟೇ ಹದಿನೆಂಟಾಗಿತ್ತು. ಇಡೀ ಮನೆಗೆ ಇದ್ದದ್ದು ಅವಳ ಒಂದೇ ವೋಟು.

ಇಂಥ ಮಕ್ಕಳನ್ನು ಹೊರಗೆ ಹಾಕಬಾರದು ಅಂತ ಆ ಅಭ್ಯರ್ಥಿ ಒಂದು ಸಭೆಯಲ್ಲಿ ಹೇಳಿದ್ದನ್ನು ದೊಡ್ಡವಳು ಹ್ಯೂಸ್ಟನ್‌ನ ಕಾಲೇಜಿನಲ್ಲಿ ಕೂತು ವಿಡಿಯೋದಲ್ಲಿ ನೋಡಿದಳು. ಆಮೇಲೆ ಅವಳನ್ನು ಹಿಡಿಯುವವರೇ ಇಲ್ಲ. ಪ್ರತಿ ಶನಿವಾರ ಬಸ್ಸು ಹತ್ತಿ ಮನೆಗೆ ಬಂದಳು. ಡಲ್ಲಾಸ್ ಪಕ್ಕದ ಲಾಸ್ ಕೊಲಿನಾಸ್‌ನಲ್ಲಿ ಕೆಲಸ ಮಾಡಿ ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ ನನ್ನ ಗಂಡ, "ವೀಸಾದವ್ರಿಗೆ ಯಾಕ್ರೇ ಈ ರಾಜಕೀಯ? ಇರೋದನ್ನೂ ಕಳ್ಕೋತೀರಾ," ಅಂತ ಗೊಣಗಿದರು. ಪ್ರಚಾರದ ಆಫೀಸಿನಲ್ಲಿ ಕೇಳಿಯೇ ಬಂದಿದ್ದೆ. ವೀಸಾದವರು ದುಡ್ಡು ಕೊಡುವ ಹಾಗಿಲ್ಲ, ಸಂಬಳ ತೆಗೆದುಕೊಳ್ಳುವ ಹಾಗಿಲ್ಲ, ಬಿಟ್ಟಿ ಚಾಕರಿಗೆ ಅಡ್ಡಿಯಿಲ್ಲ ಅಂದಿದ್ದರು. ಬಿಟ್ಟಿ ಚಾಕರಿಗೆ ಯಾವ ದೇಶದಲ್ಲಿ ತಾನೇ ಅಡ್ಡಿ?

ಅಲ್ಲಿನ ಮೇಲ್ವಿಚಾರಕಿ ನಮಗೆ ಕಲಿಸಿದ್ದಿಷ್ಟು: ಬಾಗಿಲು ತಟ್ಟಿ, ಎರಡೇ ನಿಮಿಷ ಮಾತಾಡಿ, ಒಳಗೆ ಹೋಗಬೇಡಿ, ನೀವು ಯಾಕೆ ಬಂದಿರಿ ಅಂತ ನಿಮ್ಮ ಸ್ವಂತ ಕಥೆ ಹೇಳಿ. ನಮ್ಮವರ ಮನೆಗಳನ್ನೆಲ್ಲ ನಮಗೇ ವಹಿಸಿದಳು. ನಮ್ಮವರ ಬಾಗಿಲಲ್ಲಿ ಎರಡು ನಿಮಿಷವಂತೆ! ಚಪ್ಪಲಿ ಬಿಡಿಸುತ್ತಾರೆ, ಕೂರಿಸುತ್ತಾರೆ, ಕಾಫಿ ಬರುತ್ತದೆ, ಕೋಡುಬಳೆ ಬರುತ್ತದೆ, ಮೈಸೂರಲ್ಲಿ ಯಾವ ಬಡಾವಣೆ, ಯಾವ ಸ್ಕೂಲು ಎಲ್ಲ ಆಗಬೇಕು. ಎದ್ದು ಹೊರಡುವಾಗ ವೋಟಿನ ಮಾತು ಎತ್ತಿದರೆ, "ನೋಡೋಣ ಬಿಡಿ" ಅನ್ನುತ್ತಾರೆ. ದೊಡ್ಡವಳು ಇದನ್ನೆಲ್ಲ ತಾಳ್ಮೆಯಿಂದ ಸಹಿಸಿದಳು. ನಾನು ಹೊರಗೆ ಬಂದು ಬೈದುಕೊಳ್ಳುತ್ತಿದ್ದೆ.

ಆದರೆ ಸ್ವಂತ ಕಥೆ ಮಾತ್ರ ನಾವು ಯಾವ ಮನೆಯಲ್ಲೂ ಹೇಳಲಿಲ್ಲ. ನಮ್ಮವರಲ್ಲಿ ವೀಸಾ ವಿಷಯ ಯಾರೂ ಬಾಯಿಬಿಡುವುದಿಲ್ಲ. ಸೀರೆಯ ಬೆಲೆ ಹೇಳುತ್ತಾರೆ, ಮನೆಯ ಸಾಲ ಹೇಳುತ್ತಾರೆ, ಗ್ರೀನ್ ಕಾರ್ಡ್ ಎಲ್ಲಿಗೆ ಬಂತು ಅಂದರೆ "ಆಗ್ತಾ ಇದೆ" ಅಂದು ಮಾತು ಮರೆಸುತ್ತಾರೆ. ಕಣ್ಣು ಬೀಳುತ್ತದೆ ಅನ್ನುವ ಭಯ ಒಂದು ಕಡೆ, ಅವಮಾನ ಇನ್ನೊಂದು ಕಡೆ. ಇಷ್ಟು ವರ್ಷ ಇದ್ದೇವಲ್ಲ, ನಮ್ಮದು ಯಾವತ್ತೋ ಆಗಿಹೋಗಿದೆ ಅಂತ ಎಲ್ಲರೂ ತಿಳಿದಿದ್ದರು. ಯುಗಾದಿ ಊಟದಲ್ಲಿ ಯಾರಾದರೂ ಆ ಮಾತು ತೆಗೆದರೆ ನಾನು ಅತ್ತಿತ್ತ ನೋಡಿ ಎದ್ದು ಪಾಯಸ ಬಡಿಸಲು ಹೋಗುತ್ತಿದ್ದೆ. ಹಾಗಾಗಿ ನಮ್ಮ ಪ್ರಚಾರದಲ್ಲೂ ಆ ಮಕ್ಕಳು "ಯಾರೋ ಪಾಪದ ಮಕ್ಕಳು" ಆಗಿಯೇ ಉಳಿದರು.

ಜಾರ್ಜ್‌ಟೌನ್‌ನಲ್ಲಿ ಧಾರವಾಡದ ಅಂಕಲ್, ಆಂಟಿ ಇದ್ದಾರೆ. ನನ್ನ ಮಕ್ಕಳನ್ನು ಎತ್ತಿ ಆಡಿಸಿದವರು. ಇಬ್ಬರಿಗೂ ವೋಟಿದೆ, ಅಂಕಲ್ ಮಾತಿಗೆ ಸುತ್ತಲಿನ ಮನೆಗಳಲ್ಲಿ ತೂಕವೂ ಇದೆ. ಆ ಭಾನುವಾರ ಗಂಡನೂ ಡ್ರೈವ್ ಮಾಡಿಕೊಂಡು ಜೊತೆಗೆ ಬಂದಿದ್ದರು. ಆಂಟಿ ಬಾಗಿಲಲ್ಲೇ, "ಬರ್ರಿ, ಒಳಗ ಬರ್ರಿ, ಚಾ ಕುಡದ ಹೋಗ್ರಿ," ಅಂದರು. ಚಹಾ ಆಯಿತು, ಚೂಡಾ ಆಯಿತು. ಮಗಳು ತನ್ನ ಅಭ್ಯರ್ಥಿಯ ಬಗ್ಗೆ, ಇಪ್ಪತ್ತೊಂದಾಗುವ ಆ ಮಕ್ಕಳ ಬಗ್ಗೆ ಹೇಳತೊಡಗಿದಳು. ಅಂಕಲ್ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ.

"ನೋಡವಾ, ನಾವೂ ಲೈನ್‌ನಾಗ ನಿಂತ ಬಂದೀವಿ. ನಿಮ್ಮಪ್ಪನೂ ನಿಂತಾನ. ಇವರಿಗೆ ಅಷ್ಟ ಯಾಕ ಸ್ಪೆಷಲ್? ಆಗಲಿಲ್ಲಾ, ವಾಪಸ್ ಹೋಗಲಿ. ಅಲ್ಲೇನ ಕಾಡ ಐತೇನು?"

ನಾನು ಚಹಾದ ಲೋಟ ನೋಡುತ್ತ ಕೂತೆ. ಮನೆಯಲ್ಲಿ ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ಅವತ್ತು ಕನ್ನಡದಲ್ಲಿ ನಿಧಾನವಾಗಿ ಹೇಳಿದಳು: "ಅಂಕಲ್, ಅದು ನಾನೇ. ಜೂನ್‌ನಲ್ಲಿ ನಾನು ಹೋಗ್ಬೇಕಾಗ್ಬಹುದು."

ಗಂಡ ತಟ್ಟನೆ ನಕ್ಕರು. "ತಮಾಷೆ ಮಾಡ್ತಾಳೆ ಅಂಕಲ್, ಈಗಿನ ಮಕ್ಕಳು..."

ಮಗಳು ಅಪ್ಪನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದಳು. ಅಯ್ಯೋ ದೇವರೇ, ಆ ನೋಟವನ್ನು ಹೇಗೆ ಹೇಳಲಿ. ನೀನೂ ನಗುತ್ತೀಯಾ ಅಮ್ಮ ಅಂತ ಕೇಳಿದ ಹಾಗಿತ್ತು. "ತಮಾಷೆ ಅಲ್ಲ ಆಂಟಿ," ಅಂದೆ. "ನಮಗೆ ಯಾರಿಗೂ ಇನ್ನೂ ಆಗಿಲ್ಲ. ಇವಳಿಗೆ ಟೈಮೂ ಉಳಿದಿಲ್ಲ."

ಅಂಕಲ್ ಕನ್ನಡಕ ತೆಗೆದು ಒರೆಸಿಕೊಂಡರು. "ಇಷ್ಟ ವರ್ಷ ನಮ್ಮ ಮನ್ಯಾಗ ಉಂಡೀರಿ. ಒಂದ್ ಮಾತ ಹೇಳಬಾರದೇನ್ರಿ?" ಅಂದರು. ಸಿಟ್ಟೋ ಬೇಸರವೋ ತಿಳಿಯಲಿಲ್ಲ. ವೋಟಿನ ಬಗ್ಗೆ ಏನೂ ಹೇಳಲಿಲ್ಲ. ಆಂಟಿ ಒಳಗೆ ಹೋಗಿ ಕುಂಕುಮದ ಬಟ್ಟಲು, ಒಂದು ಕುಪ್ಪಸದ ಬಟ್ಟೆ, ತೆಂಗಿನಕಾಯಿ ತಂದು, ಮಗಳ ಹಣೆಗೆ ಕುಂಕುಮವಿಟ್ಟು ಬಟ್ಟೆ, ಕಾಯಿ ಕೈಗಿಟ್ಟರು. ಊರು ಬಿಟ್ಟು ಹೊರಟ ಹೆಣ್ಣುಮಗಳಿಗೆ ಕೊಡುವ ಹಾಗೆ ಕೊಟ್ಟರು. ಪ್ರೀತಿಯಿಂದಲೇ ಕೊಟ್ಟದ್ದು, ನನಗೆ ಗೊತ್ತು. ಆದರೂ ಅದನ್ನು ಕಿತ್ತು ಅಲ್ಲೇ ಇಟ್ಟು ಬರಬೇಕು ಅನ್ನಿಸಿತು.

ಕಾರಿನಲ್ಲಿ ಗಂಡ, "ಇನ್ನು ಇಡೀ ಟೆಕ್ಸಸ್‌ಗೆ ಟಾಂಟಾಂ," ಅಂದರು. ಅವರು ಹೇಳಿದ್ದು ಸುಳ್ಳಾಗಲಿಲ್ಲ. ಮೂರನೆಯ ದಿನಕ್ಕೆ ಫೋನುಗಳು ಶುರುವಾದವು. ಒಬ್ಬರು ಲಾಯರ್ ನಂಬರ್ ಕೊಟ್ಟರು, ಇನ್ನೊಬ್ಬರು ಹೋಮ ಮಾಡಿಸಿ ಅಂದರು. ಹ್ಯೂಸ್ಟನ್‌ನಿಂದ ಪರಿಚಯವೇ ಇಲ್ಲದ ಒಬ್ಬ ಆಂಟಿ, "ನಮ್ಮ ಅಕ್ಕನ ಮಗ ಇದ್ದಾನೆ, ಸಿಟಿಜನ್. ಜಾತಕ ಕಳಿಸಿ, ಎಲ್ಲಾ ಸರಿ ಹೋಗತ್ತೆ," ಅಂದರು. ಓದುತ್ತಿರುವ ಹುಡುಗಿಯ ಜಾತಕ! ನಾನು ಫೋನು ಕುಕ್ಕಿದೆ. ವೋಟು ಹಾಕುತ್ತೇವೆ ಅಂದವರೂ ಒಬ್ಬಿಬ್ಬರು ಇದ್ದರು, ಇಲ್ಲ ಅನ್ನುವುದಿಲ್ಲ. ದೊಡ್ಡವಳು ಮಾತ್ರ ಅಂದಿನಿಂದ ಪ್ರತಿ ಬಾಗಿಲಲ್ಲೂ ತನ್ನ ಕಥೆಯನ್ನೇ ಹೇಳಿದಳು, ಬಿಳಿಯರ ಮನೆಯಲ್ಲೂ ನಮ್ಮವರ ಮನೆಯಲ್ಲೂ. ಪಕ್ಕದಲ್ಲಿ ನಿಂತು ಕೇಳುತ್ತಿದ್ದ ನನಗೆ ಹೆಮ್ಮೆಗಿಂತ ಹೆಚ್ಚು ಹೆದರಿಕೆಯಾಗುತ್ತಿತ್ತು.

ವೋಟಿನ ದಿನ ಚಿಕ್ಕವಳನ್ನು ದೊಡ್ಡವಳೇ ಕರೆದುಕೊಂಡು ಹೋದಳು. ನಾನೂ ಕಾರಿನಲ್ಲಿ ಕೂತೆ. ಮತಗಟ್ಟೆ ಒಂದು ಲೈಬ್ರರಿಯಲ್ಲಿತ್ತು. ಇಲ್ಲಿಂದ ಮುಂದೆ ಪ್ರಚಾರ ಮಾಡಬಾರದು ಅಂತ ಬೋರ್ಡು ನೆಟ್ಟಿದ್ದರು. ಅಭ್ಯರ್ಥಿಯ ಬ್ಯಾಡ್ಜು ಹಾಕಿಕೊಂಡಿದ್ದ ದೊಡ್ಡವಳು ಅದರ ಈಚೆಗೇ ನಿಂತು, ಬಾಗಿಲು ತಟ್ಟುವಾಗ ತಂಗಿಯನ್ನೂ ಎಳೆದುಕೊಂಡು ಹೋಗಿದ್ದರೆ ಚೆನ್ನಾಗಿತ್ತು ಅಂತೆಲ್ಲ ಏನೇನೋ ಮಾತಾಡಿದಳು. ಖುಷಿಯಾಗಿದ್ದಳು.

ಚಿಕ್ಕವಳು ಓಡಿಕೊಂಡು ಬಂದಳು. ವೋಟು ಹಾಕಿದವರಿಗೆ ಕೊಡುವ ಸ್ಟಿಕ್ಕರು ಅವಳ ಬೆರಳ ತುದಿಯಲ್ಲಿತ್ತು. ಅದನ್ನು ತಾನು ಅಂಟಿಸಿಕೊಳ್ಳದೆ ಅಕ್ಕನ ಸ್ವೆಟರಿನ ಮೇಲೆ ಒತ್ತಿ ಅಂಟಿಸಿದಳು. "ಇದು ನಿನ್ನದೇ. ಕೆಲಸವೆಲ್ಲ ನೀನೇ ಮಾಡಿದ್ದು," ಅಂತ ಇಂಗ್ಲಿಷಿನಲ್ಲಿ ಹೇಳಿ ತಬ್ಬಿಕೊಂಡಳು. ನನಗೆ ಕಣ್ಣು ತುಂಬಿ ಬಂತು.

ದೊಡ್ಡವಳು ಸರಕ್ಕನೆ ಹಿಂದೆ ಸರಿದು ಸ್ಟಿಕ್ಕರನ್ನು ಕಿತ್ತಳು. "ಬೇಡ, ಬೇಡ. ಯಾರಾದರೂ ಫೋಟೋ ತೆಗೆದರೆ ನಾನು ವೋಟು ಹಾಕಿದೆ ಅಂತ ಆಗುತ್ತದೆ. ಅದು ಅಪರಾಧ. ಆಮೇಲೆ ನನ್ನನ್ನು ಈ ದೇಶದಲ್ಲಿ ಯಾವತ್ತೂ ಇರಗೊಡುವುದಿಲ್ಲ," ಅಂದಳು. ಚಿಕ್ಕವಳ ಮುಖ ಸಣ್ಣಗಾಯಿತು. ಅವಳೇನು ಮಾಡಿಯಾಳು, ಅವಳಿಗೆ ಇಂಥದ್ದು ಯಾವುದೂ ಹೊಳೆಯುವುದೇ ಇಲ್ಲ. ದೊಡ್ಡವಳು ಸ್ಟಿಕ್ಕರನ್ನು ತಂಗಿಯ ಎದೆಗೆ ಅಂಟಿಸಿ, ಎದ್ದ ಅಂಚನ್ನು ಹೆಬ್ಬೆರಳಿನಿಂದ ತೀಡಿ ಕೂರಿಸಿದಳು.

ಆಮೇಲೆ ಯಾರಾದರೂ ನೋಡಿಬಿಟ್ಟರೇನೋ ಎಂದು ಪಾರ್ಕಿಂಗ್ ಲಾಟಿನ ಆ ಕಡೆ, ಈ ಕಡೆ ಕಣ್ಣಾಡಿಸಿದಳು. ಯುಗಾದಿ ಊಟದಲ್ಲಿ ನಾನು ನೋಡುತ್ತಿದ್ದದ್ದು ಹಾಗೆಯೇ.