ಬಿದ್ದಳೋ, ಬೀಳಿಸಿದರೋ

ನನ್ನ ನಾದಿನಿಗೆ ಅನುಮಾನಪಡುವುದಕ್ಕೇ ಸಂಬಳ ಕೊಡುತ್ತಾರೆ. ರೆಡಿಮೇಡ್ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಕೊನೆಯ ಚೆಕಿಂಗ್ ಟೇಬಲ್ ಅವಳದು. ಹೊಲಿದು ಮುಗಿದ ಅಂಗಿ ಅವಳ ಮುಂದೆ ಬರುತ್ತದೆ. ಅದನ್ನು ಟ್ಯೂಬ್‌ಲೈಟಿನ ಕೆಳಗೆ ಹರಡಿ, ಕಾಲರು ಎಳೆದು, ಕಂಕುಳು ತಿರುವಿ, ಕಾಜಕ್ಕೆ ಬೆರಳು ತೂರಿಸಿ ನೋಡುತ್ತಾಳೆ. ಹುಳುಕು ಸಿಕ್ಕಿತೋ, ಅಲ್ಲಿಗೆ ಬಾಣದ ಗುರುತಿನ ಕೆಂಪು ಸ್ಟಿಕ್ಕರ್ ಅಂಟಿಸಿ ವಾಪಸ್ ಕಳಿಸುತ್ತಾಳೆ. ಹೊಲಿಯುವ ಹೆಂಗಸರೆಲ್ಲ ಅವಳಿಗೆ ಇಟ್ಟಿರುವ ಹೆಸರು ಸ್ಟಿಕ್ಕರಕ್ಕ. ಎದುರಿಗೇ ಹಾಗೆ ಕರೆಯುತ್ತಾರೆ, ಅವಳೂ ಓಗೊಡುತ್ತಾಳೆ.

ಕೆಲಸವನ್ನು ಕಾರ್ಖಾನೆಯ ಗೇಟಿನಲ್ಲೇ ಬಿಟ್ಟು ಬರುವ ಅಭ್ಯಾಸ ಅವಳಿಗಿಲ್ಲ. ಹಾಲನ್ನು ಮೂಸಿಯೇ ಒಲೆಗಿಡುತ್ತಾಳೆ. ನಾನು ಹಾಕಿದ ಬೀಗವನ್ನು ಇನ್ನೊಮ್ಮೆ ಜಗ್ಗಿ ನೋಡುತ್ತಾಳೆ. ಮದುವೆಯ ಮಾತು ಬಂದಾಗಲೆಲ್ಲ ಗಂಡಿನಲ್ಲಿ ಎಲ್ಲೋ ಒಂದು ಹೊಲಿಗೆ ಬಿಟ್ಟಿರುವುದು ಅವಳ ಕಣ್ಣಿಗೆ ಬಿದ್ದು, ಕೊನೆಗೆ ಮಾತು ತರುವವರೇ ಸುಸ್ತಾಗಿ ಸುಮ್ಮನಾದರು. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನನ್ನನ್ನೂ ತಿಂಗಳುಗಟ್ಟಲೆ ಹಿಂದೆ ಮುಂದೆ ತಿರುವಿ ನೋಡಿದಳು. ಯಾವತ್ತು ಪಾಸಾದೆನೋ ಗೊತ್ತಿಲ್ಲ. ಒಂದು ದಿನ ನನ್ನ ತಟ್ಟೆಗೇ ಕೈ ಹಾಕಿ, ಕೇಳದೆ ಎತ್ತಿಕೊಂಡು ತಿಂದಳು, ಅಷ್ಟರಲ್ಲೇ ಅರ್ಥಮಾಡಿಕೊಂಡೆ.

ಇಂಥವಳು ಜೂಡೊ ಕಲಿತದ್ದೂ ಅನುಮಾನದಿಂದಲೇ. ಅವಳು ಕಂಪನಿ ಬಸ್ಸಿಗೆ ಕಾಯುವ ಜಾಗದ ಹಿಂದೆ ಒಂದು ಟೈರ್ ಅಂಗಡಿ. ಅದರ ಮಹಡಿಯಿಂದ ದಿನಾ ಧಡ್ ಧಡ್ ಎಂದು ಯಾರನ್ನೋ ನೆಲಕ್ಕೆ ಕುಕ್ಕುವ ಸದ್ದು. ಮೇಲೆ ಯಾರನ್ನೋ ಕೂಡಿಹಾಕಿ ಬಡಿಯುತ್ತಿದ್ದಾರೆ ಎಂದು ತೀರ್ಮಾನಿಸಿ, ಊಟದ ಡಬ್ಬಿಯನ್ನೇ ಆಯುಧದಂತೆ ಹಿಡಿದು ಮೆಟ್ಟಿಲು ಹತ್ತಿದಳಂತೆ. ನೋಡಿದರೆ ತನ್ನ ವಾರಿಗೆಯ ಹೆಂಗಸರೇ ದಪ್ಪ ಬಿಳಿ ಬಟ್ಟೆ ತೊಟ್ಟು, ಮ್ಯಾಟಿನ ಮೇಲೆ ದೊಪ್ಪನೆ ಬಿದ್ದು, ನಗುನಗುತ್ತ ಏಳುತ್ತಿದ್ದಾರೆ. ಬಿದ್ದವರು ಯಾಕೆ ನಗುತ್ತಾರೆ ಎಂದು ಹೊಸದೊಂದು ಅನುಮಾನ ಶುರುವಾಯಿತು. ಅದನ್ನು ಬಗೆಹರಿಸಿಕೊಳ್ಳಲು ಮರುದಿನವೂ ಹೋದಳು. ಹಾಗೆ ಹೋಗಲು ಶುರುಮಾಡಿ ಹತ್ತು ವರ್ಷದ ಮೇಲಾಯಿತು.

ಅಲ್ಲಿ ಕಲಿಸುವವರು ಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿ ನಿವೃತ್ತರಾದವರು. ಮಾತು ಒರಟು, ಮನಸ್ಸು ಬೆಣ್ಣೆ. ಅವರು ಎಲ್ಲರಿಗೂ ಮೊದಲು ಕಲಿಸುವುದು ಬೀಳುವುದನ್ನು. ಗದ್ದ ಎದೆಗೊತ್ತಬೇಕು, ಬೆನ್ನು ದುಂಡಗಾಗಬೇಕು, ನೆಲ ಮುಟ್ಟುವ ಹೊತ್ತಿಗೆ ತೋಳಿನಿಂದ ಮ್ಯಾಟಿಗೆ ಪಟ್ಟೆಂದು ಬಡಿಯಬೇಕು. ಪೆಟ್ಟೆಲ್ಲ ತೋಳಿಗೆ ಹೋಗಿ ತಲೆ ಉಳಿಯುತ್ತದೆ. ನಾದಿನಿ ಇದರಲ್ಲಿ ಎತ್ತಿದ ಕೈ. ಅವಳು ಬಿದ್ದರೆ ಕೆಳಗಿನ ಟೈರ್ ಅಂಗಡಿಯವರೂ ತಲೆಯೆತ್ತಿ ನೋಡುತ್ತಾರೆಂದು ಮೇಷ್ಟ್ರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಹೋದ ವರ್ಷ ದೊಡ್ಡ ಗುರುಗಳು ನಮ್ಮ ಊರಿಗೆ ಬರುತ್ತಾರೆಂಬ ಸುದ್ದಿ ಬಂತು. ಜೂಡೊ ಕಲಿತವರೆಲ್ಲ ಆ ಹೆಸರು ಹೇಳುವಾಗ ದನಿ ತಗ್ಗಿಸುತ್ತಾರೆ. ಎಪ್ಪತ್ತು ದಾಟಿದ ಕುಳ್ಳ ಮನುಷ್ಯ. ಬೆರಳಲ್ಲಿ ತೋಳು ಹಿಡಿದರೆ ಸಾಕು, ಆನೆಯಂಥವರೂ ಹಾರಿ ಬೀಳುತ್ತಾರಂತೆ. ಮೂರು ದಿನದ ತರಬೇತಿ. ಮೊದಲ ದಿನ ಎಲ್ಲರೆದುರು ಗುರುಗಳ ಕೈಯಲ್ಲಿ ಬಿದ್ದು ತೋರಿಸಲು ನಮ್ಮ ಮೇಷ್ಟ್ರು ನಾದಿನಿಯನ್ನೇ ಆರಿಸಿದರು.

ಆವತ್ತಿನಿಂದ ನಮ್ಮ ಮನೆಗೆ ನೆಮ್ಮದಿ ಎಂಬುದೇ ಇಲ್ಲದಂತಾಯಿತು.

ಫೋನಿನಲ್ಲಿ ಗುರುಗಳ ವಿಡಿಯೋ ಹಾಕಿಕೊಂಡು ಕೂರುವಳು. ಓಡಿಸುವಳು, ನಿಲ್ಲಿಸುವಳು, ಹಿಂದಕ್ಕೆ ತಳ್ಳುವಳು. ನಾನು ಪಾತ್ರೆ ತೊಳೆಯುತ್ತಿದ್ದರೂ ಬಿಡದೆ ಫೋನನ್ನು ಮೂಗಿಗೆ ಹಿಡಿಯುವಳು.

"ಅತ್ತಿಗೆ, ಇಲ್ಲಿ ನೋಡಿ. ಗುರುಗಳ ಕೈ ಇನ್ನೂ ಅಲ್ಲಾಡಿಲ್ಲ. ಇವನ ಕಾಲು ಆಗ್ಲೇ ಮೇಲಿದೆ."

"ಅಂದ್ರೆ?"

"ಅಂದ್ರೆ ಅವ್ರು ಬೀಳಿಸ್ತಿಲ್ಲ. ಇವನೇ ಬೀಳ್ತಿದಾನೆ."

"ಯಾಕೆ ಬೀಳ್ತಾನೆ ಅವನು? ತಲೆ ಕೆಟ್ಟಿದ್ಯಾ?"

"ಭಕ್ತಿ, ಅತ್ತಿಗೆ. ದೊಡ್ಡವ್ರು ಮುಟ್ಟಿದ್ರು ಅಂತ ಬೀಳೋದು. ಒಬ್ರೂ ನೆಟ್ಟಗೆ ನಿಂತಿಲ್ಲ, ಎಲ್ಲಾ ಗಾಳಿಗೆ ಹಾರೋ ತರಗೆಲೆಗಳು."

ಒಬ್ಬರಲ್ಲ ಇಬ್ಬರಲ್ಲ, ಎಲ್ಲರ ಕಾಲಿನಲ್ಲೂ ಅದೇ ಹುಳುಕು ಕಂಡಿತು ಅವಳಿಗೆ. ಇಷ್ಟು ವರ್ಷ ತಾನು ಮೈ ಮುರಿದು ಕಲಿತ ವಿದ್ಯೆಯ ತುತ್ತತುದಿಯಲ್ಲಿ ಇರುವುದು ಒಂದು ನಾಟಕವಾದರೆ ಕೆಳಗಿನದೆಲ್ಲ ಏನು ಎಂಬುದೇ ಅವಳನ್ನು ಕೊರೆಯುತ್ತಿದ್ದದ್ದು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಊಟ ಬಿಟ್ಟಳು. ಉಗುರು ಕತ್ತರಿಸಿದಳು, ಮತ್ತೆ ಕತ್ತರಿಸಿದಳು, ಕೊನೆಗೆ ಕತ್ತರಿಸಲು ಉಗುರೇ ಉಳಿಯಲಿಲ್ಲ. ತನ್ನನ್ನೇ ಯಾಕೆ ಆರಿಸಿದರು ಎಂದು ಮೇಷ್ಟ್ರ ಮೇಲೂ ಅನುಮಾನ ಬಂತು. ನೇರವಾಗಿ ಕೇಳಿಯೇ ಬಿಟ್ಟಳಂತೆ. ಆ ಪುಣ್ಯಾತ್ಮರು, "ನೀನು ಚೆನ್ನಾಗಿ ಬೀಳ್ತೀಯಲ್ಲಮ್ಮ, ಅದಕ್ಕೆ," ಎಂದರಂತೆ. ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು.

"ಭಯ ಆಗ್ತಿದ್ರೆ ಭಯ ಅನ್ನೇ," ಎಂದೆ ನಾನು. "ಆ ಮುದುಕರ ಮೇಲೆ ಯಾಕೆ ಹಾಕ್ತೀಯ?"

"ಭಯ ಅಲ್ಲ ಅತ್ತಿಗೆ, ಅನುಮಾನ."

ಅವಳ ಭಯ ಯಾವತ್ತೂ ಅನುಮಾನದ ಅಂಗಿ ತೊಟ್ಟೇ ಹೊರಗೆ ಬರುವುದು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದವಳಿಗೆ ಅಷ್ಟೂ ಗೊತ್ತಾಗದೇ?

ಆ ದಿನ ಬೆಳಿಗ್ಗೆ ನನ್ನನ್ನೂ ಹೊರಡಿಸಿದಳು. "ನೀವು ಬಂದು ಬೀಳೋರ ಕಾಲನ್ನೇ ನೋಡ್ತಿರಿ, ಸಾಕ್ಷಿ ಬೇಕು," ಎಂದಳು. ಇವರು ಪೇಪರ್ ಹಿಂದಿನಿಂದ, "ತಂಗಿ ಜೂಡೊಗೆ ಹೋಗ್ತಿದಾಳೋ ಕೋರ್ಟಿಗೋ?" ಎಂದು ಕೇಳಿ, ಅವಳ ಒಂದು ನೋಟಕ್ಕೆ ಮತ್ತೆ ಪೇಪರ್ ಹಿಂದೆ ಅಡಗಿಕೊಂಡರು. ಬಸ್ಸಿನಲ್ಲಿ ಅವಳ ಕೈ ಮುಟ್ಟಿದೆ. ಐಸಿನಂತೆ ತಣ್ಣಗಿತ್ತು.

ತರಬೇತಿ ಒಂದು ಕಾಲೇಜಿನ ಒಳಾಂಗಣದಲ್ಲಿ. ಮ್ಯಾಟುಗಳನ್ನು ಜೋಡಿಸಿ ಅಂಚಿಗೆ ಟೇಪು ಹಚ್ಚಿದ್ದರು. ಸುತ್ತ ಬಿಳಿ ಬಟ್ಟೆಯವರು ಮಂಡಿಯೂರಿ ಕೂತಿದ್ದರು. ನಾನು ನಮ್ಮಂಥವರಿಗೆ ಹಾಕಿದ್ದ ಕುರ್ಚಿಯ ಸಾಲಿನಲ್ಲಿ. ಗುರುಗಳು ಬಂದಾಗ ನನಗೆ ನಿರಾಸೆಯಾಯಿತು, ಸುಳ್ಳು ಯಾಕೆ ಹೇಳಲಿ. ನಮ್ಮ ಓಣಿಯ ಇಸ್ತ್ರಿ ಅಂಗಡಿಯ ಯಜಮಾನರಿಗೆ ಬಿಳಿ ಬಟ್ಟೆ ತೊಡಿಸಿದರೆ ಹಾಗೇ ಕಾಣುತ್ತಿದ್ದರು. ಕಾಲರಿಗೆ ಸಣ್ಣ ಮೈಕು ಸಿಕ್ಕಿಸಿದ್ದರು. ಅವರು ಮೊದಲು ನಾಲ್ಕಾರು ಹುಡುಗರನ್ನು ಕರೆದು ಬೀಳಿಸಿ ತೋರಿಸಿದರು. ಹೌದು, ನಾದಿನಿ ಹೇಳಿದ ಹಾಗೇ, ಆ ಹುಡುಗರ ಕಾಲು ಸ್ವಲ್ಪ ಮುಂಚೆಯೇ ಏಳುತ್ತಿತ್ತು. ನನ್ನೊಳಗೂ ಅನುಮಾನ ಹೊಕ್ಕಿತು. ಎದುರು ಸಾಲಿನಲ್ಲಿದ್ದ ಅವಳು ನನ್ನತ್ತ ನೋಡಿ ಹುಬ್ಬು ಹಾರಿಸಿದಳು.

ಆಮೇಲೆ ಅವಳ ಸರದಿ. ಎದ್ದು ಹೋದಳು, ಬಾಗಿ ವಂದಿಸಿದಳು, ಗುರುಗಳ ತೋಳು ಮತ್ತು ಕಾಲರನ್ನು ಹಿಡಿದಳು. ಗುರುಗಳು ಒಂದು ಹೆಜ್ಜೆ ಸರಿದರು.

ನಾದಿನಿ ಗಾಳಿಯಲ್ಲಿ ಒಂದು ಸುತ್ತು ಹೊಡೆದು, ಪಟ್ಟೆಂದು ಮ್ಯಾಟಿಗೆ ಬಡಿದು ಬಿದ್ದಳು. ಅಷ್ಟು ಚೆಂದದ ಬೀಳುವಿಕೆಯನ್ನು ಆ ದಿನ ಯಾರೂ ತೋರಿಸಿರಲಿಲ್ಲ. ಇಡೀ ಸಭೆ ಚಪ್ಪಾಳೆ ತಟ್ಟಿತು. ನಮ್ಮ ಮೇಷ್ಟ್ರಂತೂ ಕೂತಲ್ಲೇ ಅರ್ಧ ಎದ್ದರು.

ಚಪ್ಪಾಳೆ ತಗ್ಗಿದಾಗ ಗುರುಗಳ ಮಾತು ಮೈಕಿನಲ್ಲಿ ಕೇಳಿಸಿತು. "ನಾನಿನ್ನೂ ಏನೂ ಮಾಡೇ ಇಲ್ವಲ್ಲಮ್ಮ."

ಅವರು ಅದನ್ನು ಅವಳೊಬ್ಬಳಿಗೇ ಹೇಳಲು ಹೊರಟದ್ದು. ಮೈಕು ಊರಿಗೆಲ್ಲ ಹೇಳಿಬಿಟ್ಟಿತು. ಯಾರೋ ಕಿಸಕ್ಕೆಂದರು. ನಾದಿನಿ ಬಿದ್ದಲ್ಲೇ ಇದ್ದಳು. ಕತ್ತಿನವರೆಗೂ ಕೆಂಪಾದದ್ದು ನನ್ನ ಕುರ್ಚಿಗೂ ಕಾಣುತ್ತಿತ್ತು. ಊರಿನವರ ಕಾಲನ್ನೆಲ್ಲ ಹಿಡಿದು ಪರೀಕ್ಷಿಸಿದವಳ ಕಾಲು ತಾನಾಗಿಯೇ ಎದ್ದಿತ್ತು. ಭಕ್ತಿಯೂ ಅಲ್ಲ, ಏನೂ ಅಲ್ಲ, ಬರೀ ಹೆದರಿಕೆ. ಹತ್ತು ವರ್ಷ ಬೀಳುವುದನ್ನು ಕಲಿತ ಮೈ, ದೊಡ್ಡವರ ಕೈ ಸೋಕಿದ್ದೇ ತಡ, ಅಪ್ಪಣೆಗೂ ಕಾಯದೆ ಬಿದ್ದುಬಿಟ್ಟಿತ್ತು. ನನಗೆ ಅಳು ಬಂತು. ಅವಳನ್ನು ಅಲ್ಲಿಂದ ಎತ್ತಿಕೊಂಡು ಮನೆಗೆ ಓಡಿಬಿಡೋಣ ಅನ್ನಿಸಿತು.

ಗುರುಗಳು ಮೈಕು ಕಿತ್ತು ಹೊರಗಿಟ್ಟು ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಅಲ್ಲಿ ಆಡಿದ ಮಾತನ್ನು ಅವಳು ಆಮೇಲೆ ನನಗೆ ಹೇಳಿದಳು.

"ಹೆದರಿಕೊಂಡ್ಯಾ?"

"ಹೂಂ," ಎಂದಳಂತೆ. ಹುಟ್ಟಿದ ಮೇಲೆ ಅವಳು ಹಾಗೆ ಒಪ್ಪಿಕೊಂಡದ್ದು ಅದೇ ಮೊದಲಿರಬೇಕು.

"ನಾನೂ ಹೆದರಿದೀನಿ. ನಿನ್ನೆ ನಿದ್ದೆ ಮಾಡಿಲ್ಲ."

"ನೀವ್ಯಾಕೆ ಹೆದರ್ಬೇಕು ಗುರುಗಳೇ?"

"ಎಷ್ಟೋ ವರ್ಷ ಆಯ್ತಮ್ಮ, ನನ್ನೆದುರು ಯಾರೂ ನಿಂತಿಲ್ಲ. ಮುಟ್ಟೋಕೆ ಮುಂಚೆ ಬೀಳ್ತಾರೆ. ಬೀಳಬೇಡಿ ಅಂದ್ರೆ ಅದಕ್ಕೂ ಕೈ ಮುಗಿದು ಬೀಳ್ತಾರೆ. ನನ್ನ ಕೈಯಲ್ಲಿ ವಿದ್ಯೆ ಉಳಿದಿದ್ಯೋ ಇಲ್ವೋ ನನಗೇ ಗೊತ್ತಿಲ್ಲ. ನೀನು ಆ ಹುಡುಗರ ಕಾಲನ್ನೇ ನೋಡ್ತಿದ್ದೆ. ನಾನು ನೋಡ್ದೆ. ನಿನಗೆ ನನ್ನ ಮೇಲೆ ಅನುಮಾನ ಇದೆ ಅಲ್ವಾ?"

ಅವಳು ತಲೆ ತಗ್ಗಿಸಿದಳು.

"ಅದನ್ನ ಬಿಡಬೇಡ. ಎದ್ದು ನಿಂತ್ಕೋ. ನಾನು ಬೀಳಿಸಿದ್ರೆ ಮಾತ್ರ ಬೀಳು."

ಅವಳು ಎದ್ದಳು. ಕುರ್ಚಿಯಲ್ಲಿದ್ದ ನನಗೆ ಈ ಮಾತೊಂದೂ ಕೇಳಿಸಿರಲಿಲ್ಲ, ಆದರೆ ಅವಳ ಮುಖ ನೋಡಿದೆ. ಅದು ಹಾಲು ಮೂಸುವ ಮುಖ. ಹೆದರಲು ಪುರಸೊತ್ತಿಲ್ಲದಷ್ಟು ಕೆಲಸ ಈಗ ಅವಳ ಕೈಯಲ್ಲಿತ್ತು, ಅದೂ ಅವಳಿಗೆ ಚೆನ್ನಾಗಿ ಬರುವ ಕೆಲಸ.

ಗುರುಗಳು ಎಳೆದರು. ಅವಳು ನಿಂತಳು. ಗುರುಗಳು ತಿರುಗಿ, ಎತ್ತಿ ಎಸೆಯಲು ಸೊಂಟ ಕೊಟ್ಟರು. ಅವಳು ಒಂದು ಹೆಜ್ಜೆ ತಡವರಿಸಿ ಮತ್ತೆ ನಿಂತಳು. ಸಭೆಯಲ್ಲಿ ಗುಸುಗುಸು ಎದ್ದಿತು. ನಮ್ಮ ಮೇಷ್ಟ್ರು ಅಂಚಿನಿಂದ ಕೈ ಬೀಸಿ ಬೀಸಿ "ಬೀಳೇ, ಬೀಳೇ" ಎಂದು ಸನ್ನೆ ಮಾಡುತ್ತಿದ್ದರು. ಗುರುಗಳ ಹಣೆಯಲ್ಲಿ ಬೆವರು ಒಡೆಯಿತು, ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಆ ವಯಸ್ಸಿನವರನ್ನು ಹಾಗೆ ನೋಡಲಾಗದೆ ನಾನೇ ಮನಸ್ಸಿನಲ್ಲಿ, ಬಿದ್ದುಬಿಡೇ ಮಾರಾಯ್ತಿ, ನಿನ್ನ ಗಂಟೇನು ಹೋಗುತ್ತೆ ಎಂದುಕೊಂಡೆ. ಅವಳಿಗೂ ಅದೇ ಅನ್ನಿಸಿತಂತೆ. ಕನಿಕರ ಬಂದು ಮಂಡಿ ಸಡಿಲವಾಯಿತಂತೆ. ಪಾಪ ಎಂದು ಒಂದು ಅಂಗಿಯನ್ನೂ ಬಿಟ್ಟವಳಲ್ಲ ಅವಳು. ಮಂಡಿಯನ್ನು ಮತ್ತೆ ಬಿಗಿಮಾಡಿದಳು.

ಆಮೇಲೆ ಏನಾಯಿತೋ ನನಗೂ ಕಾಣಲಿಲ್ಲ, ಅವಳಿಗೂ ತಿಳಿಯಲಿಲ್ಲ. ಅವಳು ಬಿಗಿಯಾದ ಆ ಕ್ಷಣವೇ ಗುರುಗಳು ಇದ್ದ ಜಾಗದಲ್ಲಿ ಇರಲಿಲ್ಲ. ಅವಳು ಮೂಟೆಯಂತೆ ದೊಪ್ಪೆಂದು ಬಿದ್ದಳು. ತೋಳು ಬಡಿಯಲು ಸಮಯವೇ ಸಿಗದೆ ಮೈ ಕೆಳಗೆ ಸಿಕ್ಕಿಕೊಂಡಿತ್ತು. ಚೆಂದವಾಗಿರಲಿಲ್ಲ, ಯಾರೂ ಚಪ್ಪಾಳೆ ತಟ್ಟಲಿಲ್ಲ.

ಗುರುಗಳು ಅವಳ ಮೇಲೆ ಬಾಗಿ, ಮೈಕಿಲ್ಲದೆಯೂ ಎಲ್ಲರಿಗೂ ಕೇಳುವಂತೆ, "ನಿಜ ಹೇಳು ಮಗಳೇ, ನೀನೇ ಬಿದ್ದ್ಯಾ?" ಎಂದರು. ಅವಳಿಗೆ ಉಸಿರು ಸಿಕ್ಕಿಕೊಂಡು ಮಾತು ಹೊರಡದು. ಅವರು ಸಿಕ್ಕಿಕೊಂಡಿದ್ದ ಆ ತೋಳನ್ನು ನೋಡಿದರು. ತಾನಾಗಿ ಬಿದ್ದವರ ತೋಳು ಹಾಗೆ ಸಿಕ್ಕಿಕೊಳ್ಳುವುದಿಲ್ಲ. ಆಮೇಲೆ ಮ್ಯಾಟಿನ ಮೇಲೆ ಕಾಲು ಚಾಚಿ ಕೂತು ಎರಡೂ ಕೈಯಿಂದ ಮುಖ ಒರೆಸಿಕೊಂಡರು. ಅತ್ತರೋ ನಕ್ಕರೋ ಹೇಳಲಾರೆ, ನನಗಂತೂ ಕಣ್ಣು ಮಂಜಾಗಿತ್ತು.

ಉಳಿದ ದಿನಗಳ ತರಬೇತಿಯಲ್ಲಿ ಗುರುಗಳು ಜೊತೆಗೆ ಹಿಡಿದದ್ದೆಲ್ಲ ಅವಳನ್ನೇ. ಅವಳು ಮೈತುಂಬ ನೋವಿನ ಎಣ್ಣೆಯ ವಾಸನೆ ಹೊತ್ತು, ಅಕ್ಕಪಕ್ಕದ ಮನೆಯವರಿಗೂ ಕೇಳುವಂತೆ ಹಾಡಿಕೊಂಡು ಓಡಾಡಿದಳು. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಆಮೇಲೆ ಟೈರ್ ಅಂಗಡಿಯ ಮಹಡಿಗೆ ಹೋದ ಮೊದಲ ಸಂಜೆ ಅವಳು ಹಾಡದೆ ಮನೆಗೆ ಬಂದಳು. ಚೀಲವನ್ನು ಬಾಗಿಲಲ್ಲೇ ಬಿಟ್ಟು, ಅಡುಗೆಮನೆಯ ನೆಲದಲ್ಲಿ ಗೋಡೆಗೊರಗಿ ಕೂತಳು. ನಾನು ತರಕಾರಿ ಹೆಚ್ಚುವುದನ್ನು ನಿಲ್ಲಿಸಿದೆ.

"ಏನಾಯ್ತೇ?"

"ಎಲ್ಲರೂ ಹೋದ್ಮೇಲೆ ಮೇಷ್ಟ್ರು ಹತ್ರ ಬಂದ್ರು ಅತ್ತಿಗೆ. ಅಂಗೈ ಒರೆಸ್ಕೊಂಡು, ಒರೆಸ್ಕೊಂಡು... 'ನನಗೂ ಒಂದ್ಸಲ ಹಾಗೇ ನಿಂತ್ಕೋತೀಯಾ' ಅಂತ ಕೇಳಿದ್ರು."

"ನಿಂತ್ಯಾ?"

"ನಿಂತೆ."

"ಬೀಳಿಸಿದ್ರಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಕಣ್ಣಿಂದ ದಳದಳ ನೀರು ಇಳಿಯಿತು. "ಎಷ್ಟು ಪ್ರಯತ್ನ ಪಟ್ರು ಗೊತ್ತಾ? ಆಗ್ಲಿಲ್ಲ. ಇಷ್ಟು ವರ್ಷ ನಾನೇ ಬಿದ್ಕೊಂಡು ಬಂದಿದೀನಿ ಅವರಿಗೆ. ಇವತ್ತೂ ಬಿದ್ದುಬಿಡಬಹುದಿತ್ತು. ನನಗೆ ಬೀಳೋಕೆ ಬರಲ್ವಾ ಅತ್ತಿಗೆ? ನನ್ನಷ್ಟು ಚೆನ್ನಾಗಿ ಯಾರಿಗೆ ಬರುತ್ತೆ?"

ನಾನು ಪಕ್ಕದಲ್ಲಿ ಕೂತು ಅವಳ ತಲೆಯನ್ನು ಭುಜಕ್ಕೆ ಒತ್ತಿಕೊಂಡೆ. ಮೇಷ್ಟ್ರ ಮೇಲೆ ಅವಳಿಗಿದ್ದ ಪ್ರೀತಿ ನನಗೆ ಗೊತ್ತು. ಆ ಮನುಷ್ಯ ಒಬ್ಬರೇ ದೀಪ ಆರಿಸಿ, ಮಹಡಿ ಇಳಿದು ಮನೆಗೆ ಹೋಗಿರಬೇಕೆಂದು ನೆನೆಸಿಕೊಂಡು ನನಗೂ ಸಂಕಟವಾಯಿತು.

"ಏನಂದ್ರು ಕೊನೆಗೆ? ಬೈದ್ರಾ?"

"ಇಲ್ಲ." ಅವಳು ಮೂಗು ಒರೆಸಿಕೊಂಡಳು. "ಕಿಟಕಿ ಎಲ್ಲಾ ಮುಚ್ಚಿ ಬಂದ್ರು. ಆಮೇಲೆ, ನಾಳೆ ಎಲ್ಲರಿಗಿಂತ ಮುಂಚೆ ಬಾ, ಹೀಗೇ ನಿಂತ್ಕೋಬೇಕು, ನಾನು ಕಲೀಬೇಕು ಅಂದ್ರು."