ಹೆಪ್ಪಿನ ಮನೆ ದೊಡ್ಡಮ್ಮ

ಮೊನ್ನೆ ಪಾತ್ರೆಯ ಮುಚ್ಚಳ ತೆಗೆದರೆ ಮೊಸರು ನೂಲುನೂಲಾಗಿ ಸೌಟಿಗೆ ಅಂಟಿಕೊಂಡು ಬಂತು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ, ಹಾಸನದ ಈ ಅಡುಗೆಮನೆಯಿಂದ ಹೊಳೆನರಸೀಪುರದ ನಮ್ಮ ಹಳೇ ಬೀದಿಗೆ ಹೋಗಿಬಿಟ್ಟೆ. ಅಲ್ಲಿ ಮೊಸರು ಕೆಟ್ಟರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಎದುರಿಗೇ ಹೆಪ್ಪಿನ ಮನೆಯಿತ್ತು, ಅಲ್ಲಿ ದೊಡ್ಡಮ್ಮ ಇದ್ದರು.

ನೆಂಟರಲ್ಲ, ನೆರೆಯವರು. ಅವರ ಮನೆತನಕ್ಕೇ ಹೆಪ್ಪಿನವರು ಅಂತ ಹೆಸರು. ಲಗ್ನಪತ್ರಿಕೆಯಲ್ಲೂ ಹಾಗೇ ಅಚ್ಚಾಗುತ್ತಿತ್ತು. ನಮ್ಮ ಕಡೆ ದೀಪ ಹಚ್ಚಿದ ಮೇಲೆ ಯಾರೂ ಹಾಲು ಮೊಸರು ಆಚೆ ಕೊಡುವುದಿಲ್ಲ, ಲಕ್ಷ್ಮಿ ಹೋಗುತ್ತಾಳೆ ಅಂತ. ಆ ಮನೆಯವರು ಮಾತ್ರ ಕೊಡುತ್ತಿದ್ದರು. ನಾನು ಬಟ್ಟಲು ಹಿಡಿದು ನಿಂತರೆ, "ಬಾರೇ ಪೆದ್ದಿ, ಹೊಸ್ಲಾಚೆ ಯಾಕ್ ನಿಂತ್ಕಂಡೆ?" ಅಂತ ರೇಗಿಸುತ್ತಲೇ ಒಂದು ಚಮಚ ಹಾಕುತ್ತಿದ್ದರು.

ಹೆಸರಿನ ಕಥೆಯನ್ನೂ ಅವರೇ ಹೇಳಿದ್ದು. ಅವರ ಅತ್ತೆಯ ಅತ್ತೆಯೋ, ಇನ್ನೂ ಹಿಂದಿನವರೋ... ಅರಕಲಗೂಡಿನಿಂದ ಬಂದ ಸೊಸೆ. ಆಗ ದನಗಳಿಗೆ ರೋಗ ಬಡಿದು ಬೀದಿಯಲ್ಲೆಲ್ಲ ಕರಾವು ನಿಂತುಹೋಗಿತ್ತಂತೆ. ತಿಂಗಳುಗಟ್ಟಲೆ ಆದ ಮೇಲೆ ಮತ್ತೆ ಹಾಲು ಬಂತು, ಹೆಪ್ಪು ಮಾತ್ರ ಯಾರಲ್ಲೂ ಇರಲಿಲ್ಲ. ಆ ಸೊಸೆ ತವರಿನಿಂದ ಬರುವಾಗ ಮೊಸರಲ್ಲಿ ಅದ್ದಿ ಒಣಗಿಸಿದ ಬಟ್ಟೆ ಚೂರೊಂದನ್ನು ಪೆಟ್ಟಿಗೆಯಲ್ಲಿ ತಂದಿದ್ದಳು. ಅದನ್ನು ಉಗುರುಬೆಚ್ಚಗಿನ ಹಾಲಿಗೆ ಹಾಕಿದಳು. ಬೆಳಗ್ಗೆ ನೋಡಿದರೆ ಮೊಸರು! ಇಡೀ ಬೀದಿ ಅವಳ ಬಾಗಿಲಿಗೆ ಬಂತು.

"ಹೊತ್ತುಗೊತ್ತು ನೋಡ್ಲಿಲ್ಲ ಕಣೆ ಅವ್ಳು, ಕೇಳ್ದೋರ್ಗೆಲ್ಲ ಕೊಟ್ಲು. ಹೆಸ್ರು ಅಂಗೆ ಬಂದಿದ್ದು," ಅನ್ನುತ್ತಿದ್ದರು.

ಅವರ ಯಜಮಾನರು ತೀರಿಕೊಂಡಾಗ ಸೂತಕದ ಮನೆಯೆಂದು ಅಲ್ಲಿಂದ ಯಾರೂ ಹೆಪ್ಪು ತರಲಿಲ್ಲ. ಶುದ್ಧಿಯ ದಿನ ನೆಂಟರು ಅಡುಗೆಮನೆ ತೊಳೆಯುವಾಗ ಇದ್ದಬದ್ದ ಮೊಸರನ್ನೂ ಚೆಲ್ಲಿಬಿಟ್ಟರು. ಅಷ್ಟು ದಿನ ಅಳು ನುಂಗಿಕೊಂಡಿದ್ದ ದೊಡ್ಡಮ್ಮ ಬರಿದಾದ ಮಡಕೆ ನೋಡಿ ಬಿಕ್ಕಿಬಿಕ್ಕಿ ಅತ್ತರು. "ಈ ಮನೆ ಹೆಸ್ರು ನನ್ ಕಾಲ್ಕೆ ಮುಳುಗೋಯ್ತಲ್ಲ!" ನಮ್ಮಮ್ಮ ಎದ್ದುಬಂದು ನಮ್ಮ ಮೊಸರಿನ ಬಟ್ಟಲು ತೆಗೆದುಕೊಂಡು ಹೋಗಿ, "ಇದೂ ನಿಮ್ದೇ ಅಲ್ವೇನಕ್ಕ?" ಎಂದಳು. ದೊಡ್ಡಮ್ಮ ಎರಡೂ ಕೈಯೊಡ್ಡಿದರು. ಯಾವತ್ತೂ ಕೊಟ್ಟೇ ಗೊತ್ತಿದ್ದ ಕೈ ಅದು... ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

ಅವರು ಹೋಗಿ ಎಷ್ಟೋ ಕಾಲವಾಯಿತು. ಆ ಬೀದಿಯಲ್ಲೂ ಈಗ ಎಲ್ಲರದೂ ಪ್ಯಾಕೆಟ್ ಮೊಸರೇ, ನನ್ನದೂ ಅಷ್ಟೇ. ಅವರ ಒಬ್ಬಳೇ ಮಗಳು ಚನ್ನರಾಯಪಟ್ಟಣದಲ್ಲಿದ್ದಾಳೆ. ಹಾಳಾದ್ದು ಆಸೆ, ಕೇಳಬೇಕಲ್ಲ! ಮರುದಿನ ಬಸ್ಸು ಹತ್ತಿದೆ. ಅವಳ ಮನೆ ಮುಟ್ಟುವಾಗ ದೀಪ ಹಚ್ಚಿಯಾಗಿತ್ತು.

"ನಿಮ್ಮಮ್ಮನ ಹೆಪ್ಪು ಒಂಚೂರಾದ್ರೂ ಇದ್ಯೇನೇ?" ಅಂದೆ.

ಅವಳ ಮುಖ ಸಣ್ಣಗಾಯಿತು. "ಎಲ್ಲುಳೀತಕ್ಕ... ಅಮ್ಮ ತೀರ್ಕಂಡ ವರ್ಷಾನೇ ಕೆಟ್ಟೋಯ್ತು. ನಮ್ದೂ ಅಂಗ್ಡಿ ಮೊಸ್ರೇ."

ಸರಿ ಬಿಡು ಅಂತ ಎದ್ದೆ. ಅವಳು ಒಳಗೆ ಹೋಗಿ ಅದೇ ಅಂಗಡಿ ಮೊಸರನ್ನು ಒಂದು ಡಬ್ಬಿಗೆ ಹಾಕಿಕೊಂಡು ಬಂದಳು. ದೇವರ ಮುಂದೆ ದೀಪ ಉರಿಯುತ್ತಲೇ ಇತ್ತು.

"ಬರಿಗೈಲಿ ಹೋಗ್ಬೇಡಿ," ಅಂದಳು.

ಹಾಲಿಗೆ ಅದನ್ನೇ ಹಾಕಿದ್ದೇನೆ. ದೊಡ್ಡಮ್ಮನ ಮೊಸರಿನ ರುಚಿ ಇಲ್ಲ, ಇನ್ನು ಸಿಗುವುದೂ ಇಲ್ಲ. ಆದರೂ ಯಾರಾದರೂ ಕೇಳಿದರೆ, ಹೆಪ್ಪಿನ ಮನೆಯಿಂದ ತಂದದ್ದು ಅಂತಲೇ ಹೇಳುತ್ತೇನೆ.